ಬಟುಮಿಯಲ್ಲಿ ತಿಂದ ಸಕ್ಕರೆ

ನಾನು ಮೊದಲ ಸಲ ಸಮುದ್ರ ನೋಡಿದ್ದು ಕಾಲೇಜಿನ ಮೂರನೆಯ ವರ್ಷದಲ್ಲಿ, ಅದೂ ಪರದೇಶದಲ್ಲಿ. ನಿಜ ಹೇಳಬೇಕೆಂದರೆ ನೋಡಲು ಹೋಗಿದ್ದು ಸಮುದ್ರವನ್ನಲ್ಲ, ಒಬ್ಬ ಹುಡುಗನನ್ನು. ಎರಡರಲ್ಲಿ ಯಾವುದನ್ನು ಸರಿಯಾಗಿ ನೋಡಿದೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ.

ಆಗ ನಾನು ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಡಾಕ್ಟರಿಕೆ ಓದುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ, ಕೊನೆಯ ವರ್ಷ. ನಮ್ಮೂರು ಸಿಂದಗಿ ತಾಲೂಕಿನ ಮೋರಟಗಿ. ಊರಿನವರ ಪಾಲಿಗೆ ನಾನು ‘ರಷ್ಯಾಕ್ಕ ಹೋದಾಕಿ’. ರಷ್ಯಾ ಬೇರೆ, ಇದು ಬೇರೆ ಎಂದು ತಿದ್ದಿ ತಿದ್ದಿ ಬಾಯಿ ನೋವಾಗಿ ಕೊನೆಗೆ ನಾನೇ ಹೂಂ ಅನ್ನತೊಡಗಿದೆ. ಹಾಗೆ ಹೂಂ ಅನ್ನುವ ಚಟ ನನಗೆ ಮೊದಲಿನಿಂದಲೂ ಇತ್ತು. ಒಳಗೆ ಕುದಿಯುತ್ತಿದ್ದರೂ ಬಾಯಿಂದ ಬರುವುದು ಹೂಂ. ಆಮೇಲೆ ಒಬ್ಬಳೇ ಕೂತು ಗೋಡೆಗೆ ಬೈಯುವುದು.

ಗೊಳಸಂಗಿಯಲ್ಲಿರುವ ನನ್ನ ಸೋದರಮಾವ ಒಂದು ದಿನ ಫೋನು ಮಾಡಿದ. ಬಸವನ ಬಾಗೇವಾಡಿಯ ಒಂದು ಮನೆತನ, ಹುಡುಗ ನನ್ನ ಹಾಗೆಯೇ ಜಾರ್ಜಿಯಾದಲ್ಲಿ ಓದುತ್ತಿದ್ದಾನೆ, ಬಟುಮಿ ಎಂಬ ಸಮುದ್ರದ ಊರಿನಲ್ಲಿ, ನನಗಿಂತ ಎರಡು ವರ್ಷ ಮುಂದೆ.

“ಇಬ್ಬರೂ ಅಲ್ಲೇ ಅದೀರಿ. ಒಬ್ಬರಿಗೊಬ್ಬರು ನೋಡಿಬಿಡ್ರಿ, ನಮಗೂ ಒಂದು ಓಡಾಟ ತಪ್ಪತೈತಿ” ಅಂದ.

“ಮಾಮಾ, ಅದು ಇಡೀ ಅರ್ಧ ದಿನದ ಟ್ರೇನ್ ದಾರಿ.”

“ಆಗ್ಲಿ ಬಿಡು, ಸಿಂದಗಿಯಿಂದ ಇಂಡಿಗೆ ಹೋದಂಗ ಆತು.”

ನಾನು ಹೂಂ ಅಂದೆ. ಮನಸ್ಸಿನಲ್ಲಿ ಇದ್ದದ್ದು ಬೇರೆ. ಹೋಗಿ, ನೋಡಿದ ಶಾಸ್ತ್ರ ಮಾಡಿ, ಬೇಡ ಅಂದು ಬಂದರಾಯಿತು. ಓದು ಮುಗಿಯುವ ತನಕ ಯಾರೂ ತಂಟೆಗೆ ಬರುವುದಿಲ್ಲ ಎಂಬ ಲೆಕ್ಕ.

ಆ ವಾರವಿಡೀ ಮನೆಯಿಂದ ಉಪದೇಶಗಳು ಬಂದವು, ಒಂದಕ್ಕೊಂದು ತಾಳಮೇಳ ಇಲ್ಲ. ಅಪ್ಪ “ಧೈರ್ಯಲೆ ಮಾತಾಡು, ಡಾಕ್ಟರ್ ಆಗಾಕಿ ನೀನು” ಅಂದ. ಅಜ್ಜಿ “ಭಾಳ ಮಾತಾಡಬ್ಯಾಡ, ತಲಿ ತಗ್ಗಿಸಿ ಕೂಡು” ಅಂದಳು. ಅವ್ವ “ಹೋಗೂ ದಿನ ಶನಿವಾರ ಐತಿ, ಹನುಮಪ್ಪನ ಹೆಸರೀಲೆ ಒಂದ್ ಹೊತ್ತು ಬಿಡು, ಎಲ್ಲಾ ಚಲೋ ಆಕೈತಿ” ಅಂದಳು. ಬೇಡ ಅನ್ನಲು ಹೊರಟವಳು ಚಲೋ ಆಗಲಿ ಎಂದು ಉಪವಾಸ ಮಾಡುವುದು ಹೇಗೆ? ಅದಕ್ಕೂ ಹೂಂ ಅಂದೆ. ಮಾವ ಮಾತ್ರ ಒಂದೇ ಮಾತು ಹೇಳಿದ: “ನಾವೆಲ್ಲಾ ಕೂಡಿ ವಿಡಿಯೋ ಕಾಲ್ ಮಾಡ್ತೇವಿ. ಹುಡುಗನ ಮಾರಿ ನೋಡಬೇಕು ಎಲ್ಲಾರೂ.”

ಅಜ್ಜಿ ಕೊನೆಗೆ ಇನ್ನೊಂದು ಸೇರಿಸಿದಳು. “ಸಿಹಿ ಮಾತ್ರ ಮುಟ್ಟಬ್ಯಾಡ್ರಿ ನೋಡು, ಇಬ್ಬರೂ.”

ಅದು ನಮ್ಮ ಮನೆತನದ ಕಟ್ಟಳೆ. ಹೆಣ್ಣು ನೋಡಲು ಬಂದವರು ಚಹಾ ಕುಡಿಯಬಹುದು, ಚೂಡಾ ತಿನ್ನಬಹುದು, ಸಿಹಿ ಮುಟ್ಟುವಂತಿಲ್ಲ. ಎರಡೂ ಕಡೆಯ ಮಾತು ಕೂಡಿದ ಮೇಲೆ ಗಂಡಿನ ಕಡೆಯವರು ಹುಡುಗಿಯ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕುತ್ತಾರೆ. ಹಾಕಿದರೆಂದರೆ ಮುಗಿಯಿತು, ಮದುವೆ ಗೊತ್ತಾಯಿತು, ಓಣಿಗೆಲ್ಲ ಸಕ್ಕರೆ ಹಂಚುತ್ತಾರೆ. ಆಮೇಲೆ ಹಿಂದೆ ಸರಿದರೆ ಹುಡುಗಿಯ ಹೆಸರು ಕೆಟ್ಟಂತೆಯೇ. ಚಿಕ್ಕವಳಿದ್ದಾಗ ನಾನು “ಚಹಾದಾಗೂ ಸಕ್ಕರಿ ಇರತೈತಲ್ಲಾ” ಎಂದು ಕೇಳಿದ್ದೆ. “ಕರಗಿದ ಸಕ್ಕರಿ ಲೆಕ್ಕಕ್ಕಿಲ್ಲ, ಸುಮ್ನ ಕೂಡು” ಎಂದು ಅಜ್ಜಿ ಬಾಯಿ ಮುಚ್ಚಿಸಿದ್ದಳು.

ಒಬ್ಬಳೇ ಹೋಗುವಂತಿರಲಿಲ್ಲ. ನನ್ನ ರೂಮಿನ ಗೆಳತಿ ಜೊತೆಗೆ ಹೊರಟಳು. ಅವಳು ಮುದ್ದೇಬಿಹಾಳದ ಮುಸ್ಲಿಮರ ಮನೆಯ ಹುಡುಗಿ, ಕ್ಲಾಸಿನಲ್ಲಿ ನನ್ನೊಡನೆ ಕನ್ನಡ ಮಾತಾಡುವ ಒಂದೇ ಜೀವ. ನನ್ನ ಕಷ್ಟ ಅವಳಿಗೆ ಹಬ್ಬ. ರೈಲಿನಲ್ಲಿ ನನ್ನೆದುರು ಕೂತು ಪೊಟ್ಟಣದ ಮೇಲೆ ಪೊಟ್ಟಣ ಬಿಚ್ಚಿ ತಿನ್ನುತ್ತ, “ನೀ ಉಪಾಸ ಇರು, ಪುಣ್ಯ ಬರತೈತಿ” ಎಂದು ಕಾಡಿದಳು. ಕಿಟಕಿಯಾಚೆ ಗುಡ್ಡ, ಹೊಳೆ, ಮತ್ತೆ ಗುಡ್ಡ.

ಸಮುದ್ರ ನೋಡಿ ಮೊದಲು ಅನ್ನಿಸಿದ್ದು, ನಾವು ದಾರಿ ತಪ್ಪಿದೆವು ಅಂತ. ಸಮುದ್ರ ಅಂದರೆ ಉಸುಕು ಇರಬೇಕಲ್ಲ? ಅಲ್ಲಿ ಬರೀ ಕಲ್ಲು. ಹೊಳೆಯ ದಂಡೆಯ ಬೆಣಚುಕಲ್ಲಿನಂಥವು, ಕಾಲಿಟ್ಟರೆ ಜಾರುತ್ತವೆ. ಹೆಸರು ಕಪ್ಪು ಸಮುದ್ರ, ನೀರು ನೋಡಿದರೆ ಹಸಿರು. ನಾನು ಅಲ್ಲಿಯವರೆಗೆ ಕಂಡ ದೊಡ್ಡ ನೀರೆಂದರೆ ಆಲಮಟ್ಟಿಯ ಹಿನ್ನೀರು. ಅದಕ್ಕೆ ಆಚೆ ದಂಡೆ ಇದೆ, ಕಣ್ಣಿಗೆ ನಿಲ್ಲಲು ಜಾಗ ಇದೆ. ಇಲ್ಲಿ ಎಲ್ಲಿ ನೋಡಬೇಕು ಎಂದೇ ತಿಳಿಯಲಿಲ್ಲ. ಚಂದ ಅನ್ನಿಸಿತೋ ಇಲ್ಲವೋ ಅದೂ ತಿಳಿಯಲಿಲ್ಲ. ಗಾಳಿ ನನ್ನ ಓಢಣಿಯನ್ನು ಎಳೆದೆಳೆದು ಮುಖಕ್ಕೆ ಹೊಡೆಯುತ್ತಿತ್ತು.

ಹುಡುಗ ಒಂದು ಬೆಂಚಿನ ಹತ್ತಿರ ನಿಂತಿದ್ದ. ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಊರಿಂದ ಬಂದ ಶೇಂಗಾ ಹಿಂಡಿ, ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಇತ್ತು. ಹೆಣ್ಣು ನೋಡಲು ಹೂವು ತರುವವರಿದ್ದಾರೆ, ಶೇಂಗಾ ಹಿಂಡಿ ತಂದವನ ಸುದ್ದಿ ನಾನು ಕೇಳಿಲ್ಲ. ಗೆಳತಿ ಅದನ್ನು ಕಸಿದುಕೊಂಡು, “ನೀವ್ ಮಾತಾಡ್ರಿ, ನಾ ಇಲ್ಲೇ ಇರ್ತೇನಿ” ಎಂದು ಸ್ವಲ್ಪ ದೂರದ ಬೆಂಚಿಗೆ ಹೋಗಿ ಕೂತಳು. ನಾವಿಬ್ಬರೂ ಸಮುದ್ರದ ಕಡೆ ಮುಖ ಮಾಡಿ ನಿಂತೆವು. ಒಬ್ಬರ ಮುಖ ಒಬ್ಬರು ನೋಡದಿರಲು ಅಷ್ಟು ದೊಡ್ಡ ಸಮುದ್ರ ಬಹಳ ಉಪಯೋಗಕ್ಕೆ ಬಂತು.

“ಒಂದ್ ಮಾತ್ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ” ಅಂದ. “ನನಗ ಈಗ ಲಗ್ನ ಬ್ಯಾಡ್ರಿ. ಪರೀಕ್ಷೆ ಅದಾವ, ಮುಂದ ಏನಂತ ಗೊತ್ತಿಲ್ಲ. ನಮ್ಮ ಅಪ್ಪಾರಿಗೆ ಹೇಳಾಕ ಧೈರ್ಯ ಇಲ್ಲದ ಬಂದೇನಿ.”

ನಾನು ಹೇಳಬೇಕೆಂದು ರೈಲಿನುದ್ದಕ್ಕೂ ಮನಸ್ಸಿನಲ್ಲಿ ತಿದ್ದಿ ತೀಡಿಕೊಂಡು ಬಂದ ಮಾತು ಅದೇ. ಹಗುರಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿದುಹೋಯಿತು. ಬೇಡ ಅನ್ನಲು ಬಂದವಳಿಗೆ ಬೇಡ ಅನ್ನಿಸಿಕೊಂಡರೆ ಇಷ್ಟು ಸಿಟ್ಟು ಯಾಕೆ ಬರಬೇಕು? ನನಗಿಂತ ಮೊದಲೇ ಹೇಳಲು ಇವನ್ಯಾರು?

“ನನಗೂ ಬ್ಯಾಡ್ರಿ” ಅಂದೆ, ಸ್ವಲ್ಪ ಜೋರಾಗಿಯೇ.

ಅವನ ಮುಖ ಅರಳಿತು. ಅದು ಅರಳಿದ್ದು ಕಂಡು ನನಗೆ ಇನ್ನಷ್ಟು ಕೆಟ್ಟದೆನಿಸಿತು. “ಹಂಗಾದ್ರ ಬ್ಯಾಡ ಅಂತ ನೀವs ಹೇಳ್ರಿ” ಅಂದ. “ನಾ ಹೇಳಿದ್ರ ಹುಡುಗಿದೇನು ಐಬ ಇತ್ತು ಅಂತ ಮಂದಿ ಕೇಳ್ತಾರ. ನನಗ ಏನಾರ ಅನ್ಲಿ, ನಡೀತೈತಿ.”

ಅದು ಒಳ್ಳೆಯ ಮಾತು. ಒಳ್ಳೆಯ ಮಾತು ಎಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಹೂಂ ಅಂದೆ.

ಮಾತು ಅಲ್ಲಿಗೇ ಮುಗಿಯಿತು, ಆದರೆ ವಿಡಿಯೋ ಕಾಲಿಗೆ ಇನ್ನೂ ಹೊತ್ತಿತ್ತು. ಏನು ಮಾಡಬೇಕು ತಿಳಿಯದೆ ಅವನು “ಬೋಟ್‍ನ್ಯಾಗ ಒಂದ್ ಸುತ್ತು ಹೋಗೂಣೇನ್ರಿ?” ಅಂದ. ಬಂದರಿನಿಂದ ಮಂದಿಯನ್ನು ಕೂರಿಸಿಕೊಂಡು ಸ್ವಲ್ಪ ದೂರ ಸುತ್ತಿಸಿ ತರುವ ಸಣ್ಣ ದೋಣಿಗಳಿದ್ದವು. ಮೂವರೂ ಹತ್ತಿದೆವು. ದಂಡೆ ಬಿಟ್ಟ ಸ್ವಲ್ಪ ಹೊತ್ತಿಗೇ ನನ್ನ ಖಾಲಿ ಹೊಟ್ಟೆ ದೋಣಿಯ ಜೊತೆ ಏಳತೊಡಗಿತು, ಬೀಳತೊಡಗಿತು. ಗೆಳತಿ ಕಿರುಚಿ ಕಿರುಚಿ ನಗುತ್ತಿದ್ದಳು. ಹುಡುಗ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಿನಂತೆ ಕೂತಿದ್ದ. ಬಯಲುಸೀಮೆಯ ಮೂರು ಜೀವ ಆ ನೀರಿನಲ್ಲಿ ಏನು ಮಾಡುತ್ತಿದ್ದೆವೋ ದೇವರೇ ಬಲ್ಲ.

ಇಳಿದು ದಂಡೆಯ ಒಂದು ಚಹಾದಂಗಡಿಯ ಹೊರಗಿನ ಮೇಜಿಗೆ ಬಂದು ಕೂತೆವು. ಗೆಳತಿ ಕೈತೊಳೆಯಲು ಒಳಗೆ ಹೋದಳು. ಕಪ್ಪು ಚಹಾ ಬಂತು, ತಟ್ಟೆಯಲ್ಲಿ ಕಾಗದದ ಸಣ್ಣ ಪೊಟ್ಟಣಗಳಲ್ಲಿ ಸಕ್ಕರೆ ಬೇರೆ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮನೆಯವರು. ಫೋನನ್ನು ಹೂದಾನಿಗೆ ಆನಿಸಿ ನಿಲ್ಲಿಸಿ ಹಸಿರು ಗುಂಡಿ ಒತ್ತಿದೆ. ಪುಟ್ಟ ಪರದೆಯಲ್ಲಿ ನಮ್ಮ ಪಡಸಾಲೆ ತುಂಬ ತಲೆಗಳು: ಅಜ್ಜಿ, ಅಪ್ಪ, ಅವ್ವ, ಮಾವ, ಸೋದರತ್ತಿ, ಹಿಂದೆ ಓಣಿಯ ಹೆಂಗಸರು. ನಮಸ್ಕಾರ ಮಾಡಲು ಕೈ ಎತ್ತಿದೆ. ಕಣ್ಣಿಗೆ ಕತ್ತಲೆ ಬಂತು.

ಆಮೇಲಿನದು ನನಗೆ ಅರ್ಧಂಬರ್ಧ ನೆನಪು. ಕುರ್ಚಿಯ ಬೆನ್ನಿಗೆ ಒರಗಿದ್ದೆ. ಯಾರೋ ನನ್ನ ಮಣಿಕಟ್ಟು ಹಿಡಿದಿದ್ದರು. “ಮುಂಜಾನಿಂದ ಏನೂ ತಿಂದಿಲ್ಲೇನ್ರಿ? ಬಾಯಿ ತಗೀರಿ, ಬಾಯಿ ತಗೀರಿ” ಎಂಬ ಧ್ವನಿ. ತೆರೆದೆ. ನಾಲಿಗೆಯ ಮೇಲೆ ಒಣ ಸಕ್ಕರೆ ಬಿತ್ತು. ಇನ್ನೊಂದು ಪೊಟ್ಟಣ ಹರಿದ ಸದ್ದು, ಮತ್ತೆ ಸಕ್ಕರೆ. ಸ್ವಲ್ಪ ಹೊತ್ತಿಗೆ ಮೇಜು ಮೇಜಿನಂತೆ ಕಾಣಿಸಿತು. ಹುಡುಗ ನನ್ನ ಕೈಯನ್ನು ತಟ್ಟನೆ ಬಿಟ್ಟು, “ನಾಡಿ ನೋಡಿದೆ ಅಷ್ಟs ರೀ” ಅಂದ. ಫೋನು ಮೇಜಿನ ಮೇಲೆ ಹಾಗೇ ನಿಂತಿತ್ತು. ಕಾಲ್ ಕಡಿದುಹೋಗಿತ್ತು.

ಗೆಳತಿ ಓಡಿ ಬಂದು ನೀರು ಕುಡಿಸಿದಳು, ಒಂದು ತುಂಡು ರೊಟ್ಟಿ ಬಾಯಿಗೆ ತುರುಕಿದಳು. ನಾನು ಅದನ್ನು ಅಗಿಯುತ್ತಿರುವಾಗಲೇ ಫೋನಿಗೆ ಒಂದರ ಹಿಂದೆ ಒಂದು ಸಂದೇಶಗಳು ಬರತೊಡಗಿದವು. ಗುಲಾಬಿ ಹೂ, ಕೈಮುಗಿದ ಚಿತ್ರ, ಅಭಿನಂದನೆಗಳು. ಸಿಂದಗಿಯಿಂದ ದೊಡ್ಡಮ್ಮ, ಇಂಡಿಯಿಂದ ಚಿಕ್ಕಪ್ಪ. ಕೊನೆಗೆ ಮನೆಯ ಗುಂಪಿನಲ್ಲಿ ಮಾವ ಹಾಕಿದ ಫೋಟೋ. ಪರದೆಯ ಮೇಲೆ ಕಂಡದ್ದನ್ನು ಹಾಗೇ ಹಿಡಿದಿದ್ದ: ನಾನು ಕಣ್ಣು ಮುಚ್ಚಿ ಬಾಯಿ ತೆರೆದಿದ್ದೇನೆ, ಹುಡುಗ ಸಕ್ಕರೆ ಹಾಕುತ್ತಿದ್ದಾನೆ, ಹಿಂದೆ ಸಮುದ್ರ.

ಗೆಳತಿ ಫೋಟೋ ನೋಡಿದಳು, ನನ್ನನ್ನು ನೋಡಿದಳು. ನಗಲಿಲ್ಲ. “ನಿನ್ನ ಲಗ್ನ ಗೊತ್ತಾತಲ್ಲೇ” ಅಂದಳು.

ಗಾಳಿಯ ಸದ್ದಿನಲ್ಲಿ ಮನೆಯವರಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಚಿತ್ರ ಮಾತ್ರ ಕಂಡಿತ್ತು. ಹುಡುಗಿ ನಾಚಿ ಕಣ್ಣು ಮುಚ್ಚಿದಳು, ಹುಡುಗ ತಾನೇ ಮುಂದಾಗಿ ಸಕ್ಕರೆ ಹಾಕಿದ, ಒಂದಲ್ಲ ಎರಡು ಸಲ. ಓದಿದ ಹುಡುಗರು, ಹಿರಿಯರಿಗೆ ಕಾಯದೆ ತಾವೇ ಮುಗಿಸಿಬಿಟ್ಟರು. ನಾನು ಗಾಬರಿಯಿಂದ ಮನೆಗೆ ಫೋನು ಹಚ್ಚಿದಾಗ ಅಲ್ಲಿ ಆಗಲೇ ಸಕ್ಕರೆ ಹಂಚಿ ಮುಗಿದಿತ್ತು. ಅವ್ವ ಖುಷಿಗೆ ಅಳುತ್ತಿದ್ದಳು. ಅಜ್ಜಿ “ಮುಟ್ಟಬ್ಯಾಡ ಅಂದಿದ್ದೆ, ಕೇಳಲಿಲ್ಲ ನೋಡು ಹುಡುಗಿ” ಎಂದು ನಗುತ್ತಿದ್ದಳು. “ಅಪ್ಪಾ, ಅದು ಹಂಗಲ್ಲಪ್ಪಾ” ಅಂದೆ. “ಚಲೋ ಆತು ಮಗಳs, ಭಾಳ ಚಲೋ ಆತು” ಅಂದ ಅಪ್ಪ. ಅಪ್ಪ ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮುಂದೆ ಹೇಳಲಾಗದೆ ಫೋನು ಇಟ್ಟೆ.

ಅತ್ತ ಹುಡುಗನಿಗೂ ಮನೆಯಿಂದ ಫೋನು. ಮಾವ ಫೋಟೋವನ್ನು ಬಾಗೇವಾಡಿಗೂ ಕಳಿಸಿದ್ದ. ಹುಡುಗ ಕಲ್ಲುಗಳ ಮೇಲೆ ದೂರ ಹೋಗಿ ನಿಂತು ಹೂಂ, ಹೂಂ ಅನ್ನುತ್ತಿದ್ದ. ವಾಪಸು ಬಂದಾಗ ನಾನು ಅವನ ಮೇಲೆ ಹರಿಹಾಯ್ದೆ.

“ಇಲ್ಲ ಅನ್ನಾಕ ನಿಮಗ ಬಾಯಿಲ್ಲೇನ್ರಿ?”

“ನೀವು ಹೇಳ್ತೀರಂತ ಮಾತಾಗಿತ್ತಲ್ರೀ” ಅಂದ, ಬಹಳ ಮೆಲ್ಲಗೆ.

ಅದೂ ಸರಿಯೇ. ಯಾರನ್ನು ಬೈಯಬೇಕು? ಹನುಮಪ್ಪನನ್ನೇ, ದೋಣಿಯವನನ್ನೇ? ನನ್ನ ಹೆಸರು ಕೆಡಬಾರದೆಂದು ಅವನು ನನ್ನ ಬಾಯಿಗೆ ಬಿಟ್ಟುಕೊಟ್ಟಿದ್ದ ‘ಬೇಡ’ವನ್ನು ಈಗ ಆಡಿದರೂ ಹೆಸರು ಕೆಡುತ್ತಿತ್ತು. ಅವನು ಸಕ್ಕರೆ ಹಾಕದೆ ಸುಮ್ಮನಿದ್ದರೆ ನಾನು ಕಲ್ಲಿನ ಮೇಲೆ ಬೀಳುತ್ತಿದ್ದೆ. ನನ್ನನ್ನು ಬೀಳದ ಹಾಗೆ ಹಿಡಿದವನ ಮೇಲೆ ಸಿಟ್ಟು ಮಾಡಿಕೊಂಡು ನಿಂತಿದ್ದೆ.

ಸಂಜೆ ನಾವು ಉಳಿದುಕೊಂಡಿದ್ದ ಹಾಸ್ಟೆಲ್ಲಿನವರೆಗೆ ಅವನು ಬಂದ. ಜೊತೆಗಲ್ಲ, ನಾಲ್ಕು ಮಾರು ಹಿಂದೆ. ಬಾಗಿಲ ಹತ್ತಿರ ನಿಂತು, “ನೀವು ಬ್ಯಾಡ ಅಂದ್ರ ನನಗೇನೂ ಸಿಟ್ಟಿಲ್ರಿ” ಅಂದ. “ಬೇಕು ಅಂದ್ರೂ…” ಅಂದ. ಮುಂದೆ ಹೇಳದೆ ಕನ್ನಡಕ ಒರೆಸಿಕೊಂಡ. ಆ ಮಾತು ಎಲ್ಲಿಗೆ ಹೋಗುತ್ತಿತ್ತು ಎಂದು ರಾತ್ರಿಯಿಡೀ ಯೋಚಿಸಿದೆ. ಅವನು ಮದುವೆ ಬೇಡ ಎಂದು ನನ್ನ ಮುಖದೆದುರೇ ಹೇಳಿದ್ದ. ನಾನೂ ಹೇಳಿದ್ದೆ. ಹಾಗಿದ್ದ ಮೇಲೆ ಆ ಅರ್ಧ ಮಾತಿನ ಗೊಡವೆ ನನಗೆ ಯಾಕೆ ಬೇಕಿತ್ತು?

ಮರುದಿನ ಬೆಳಿಗ್ಗೆ ಸ್ಟೇಶನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಅತ್ತಿಯ ಫೋನು ಬಂತು. ಅತ್ತಿ ಅಪ್ಪನ ತಂಗಿ, ನಮ್ಮ ಮನೆಯಲ್ಲೇ ಇರುತ್ತಾಳೆ, ದಿನಾ ಬಸ್ಸಿಗೆ ಸಿಂದಗಿಗೆ ಹೋಗಿ ಸಾಲಿಯಲ್ಲಿ ಪಾಠ ಮಾಡಿ ಬರುತ್ತಾಳೆ. ಅವಳಿಗೂ ಒಂದು ಕಾಲದಲ್ಲಿ ಸಕ್ಕರೆ ಹಾಕಿದ್ದರು, ಮದುವೆಯಾಗಿತ್ತು, ಸ್ವಲ್ಪ ಕಾಲಕ್ಕೆ ತಿರುಗಿ ಬಂದಳು. ಯಾಕೆ ಎಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾನೂ ಕೇಳಿದವಳಲ್ಲ.

“ಮಾಳಿಗಿ ಮ್ಯಾಲ ಒಬ್ಬಾಕಿನs ನಿಂತೇನಿ” ಅಂದಳು. “ಖರೇ ಹೇಳು. ನಿನ್ನೆ ನೀ ಕಣ್ಣು ಮುಚ್ಚಿದ್ದು ನಾಚಿ ಅಲ್ಲ, ಹೌದಿಲ್ಲೋ?”

“ಅಲ್ಲ ಅತ್ತಿ. ಚಕ್ಕರ್ ಬಂದಿತ್ತು. ಉಪಾಸ ಇದ್ದೆ.”

“ನಿನ್ನ ಮಾರಿ ನೋಡಿದಾಗನs ಅನಿಸ್ತು ನನಗ. ಹಂಗಾದ್ರ ಅದು ಔಷಧ. ಔಷಧ ಕೊಟ್ಟಿದ್ದಕ್ಕ ಲಗ್ನ ಆಗೂದೇನು? ನಾ ಈಗ ತಳಗ ಹೋಗಿ ಎಲ್ಲಾರಿಗೂ ಹೇಳ್ತೇನಿ.”

ಹಿಂದಿನ ದಿನದಿಂದ ನಾನು ಕಾಯುತ್ತಿದ್ದ ಮಾತು ಅದು. ಯಾರಾದರೂ ಒಬ್ಬರು ಹೀಗೆ ಹೇಳಲಿ, ಈ ಗಂಟು ಬಿಚ್ಚಲಿ ಎಂದು ಎಷ್ಟು ಬೇಡಿಕೊಂಡಿದ್ದೆ. ಆದರೆ ನನ್ನ ಬಾಯಿಂದ ಬಂದದ್ದು, “ತಡಿ ಅತ್ತಿ.”

“ಯಾಕ?”

ನನಗೇ ತಿಳಿಯಲಿಲ್ಲ.

“ಹುಡುಗ ಹೆಂಗದಾನ?”

“ಗೊತ್ತಿಲ್ಲ.”

“ಬ್ಯಾಡೇನು?”

“ಗೊತ್ತಿಲ್ಲ ಅತ್ತಿ.”

“ಬೇಕೇನು?”

“ಗೊತ್ತಿಲ್ಲ, ಖರೇನs ಗೊತ್ತಿಲ್ಲ” ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಸುತ್ತಲಿನ ಮಂದಿ ನೋಡುತ್ತಿದ್ದರು. ಗೆಳತಿ ನನ್ನ ಚೀಲ ಹಿಡಿದುಕೊಂಡು ಅವರಿಗೂ ನನಗೂ ನಡುವೆ ಅಡ್ಡ ಬಂದು ನಿಂತಳು.

ಅತ್ತಿಯ ಹಿಂದೆ ಯಾರದೋ ಮನೆಯ ನೀರಿನ ಮೋಟಾರು ಓಡುವುದು ಕೇಳುತ್ತಿತ್ತು. ಆಮೇಲೆ, “ಅಳಬ್ಯಾಡ ನನ್ನವ್ವಾ” ಅಂದಳು. “ಆವಾಗ ನನಗ ಯಾರರs ಹಿಂಗ ಕೇಳಿದ್ರ, ನಾನೂ ಇದನ್ನs ಹೇಳತಿದ್ದೆ.”

ಅವಳು ಫೋನು ಇಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಮಾಳಿಗೆಯ ಮೆಟ್ಟಿಲಿಳಿದಳು. ಬಳೆಯ ಸದ್ದು, ಕೆಳಗಿನ ಮಾತಿನ ಗದ್ದಲ ಹತ್ತಿರ ಹತ್ತಿರವಾಯಿತು. ಪಡಸಾಲೆಯ ನಡುವೆ ನಿಂತಿರಬೇಕು, ಅವಳ ಧ್ವನಿ ಕ್ಲಾಸಿನಲ್ಲಿ ಪಾಠ ಹೇಳುವವಳ ಧ್ವನಿಯಾಯಿತು. ನನಗೆ ಚಕ್ಕರ್ ಬಂದದ್ದು, ಹುಡುಗ ಸಕ್ಕರೆ ಹಾಕಿ ಎಚ್ಚರಿಸಿದ್ದು, ಎಲ್ಲವನ್ನೂ ಹೇಳಿದಳು. ಅಲ್ಲಿ ಎಲ್ಲರೂ ಒಮ್ಮೆಗೇ ಮಾತಾಡಿದರು. ಮಾವನ ಧ್ವನಿ ಎಲ್ಲಕ್ಕಿಂತ ಮೇಲೆ ಬಂತು.

“ಊರಿಗೆಲ್ಲಾ ಹಂಚೇವಿ. ಬಾಗೇವಾಡ್ಯಾವರಿಗೆ ಏನಂತ ಹೇಳೂದು? ಹುಡುಗಿ ಒಲ್ಲೆ ಅಂತಾಳೇನು?”

“ಒಲ್ಲೆ ಅಂದಿಲ್ಲ.”

“ಹಂಗಾದ್ರ ಹೂಂ ಅಂದಾಳ.”

“ಹೂಂನೂ ಅಂದಿಲ್ಲ. ಆಕಿಗೆ ಇನ್ನಾ ಗೊತ್ತಿಲ್ಲ. ಹಂಗs ಹೇಳ್ರಿ ಅವರಿಗೆ.”

“ಗೊತ್ತಿಲ್ಲಂದ್ರ ಏನು? ಅದೊಂದು ಉತ್ತರ ಏನು?”

“ಹೌದು, ಅದs ಉತ್ತರ” ಅಂದಳು ಅತ್ತಿ. “ಗೊತ್ತಾದ ಮ್ಯಾಲ ಆಕಿನs ಹೇಳ್ತಾಳ. ಅಲ್ಲೀತನಾ ಯಾರೂ ಕೇಳಬ್ಯಾಡ್ರಿ.”

ಇನ್ನು ಅಪ್ಪ ಮಾತಾಡುತ್ತಾನೆ, ಮಾನ ಮರ್ಯಾದೆ ಅನ್ನುತ್ತಾನೆ, ಅತ್ತಿಯ ಹಳೆಯ ಕತೆ ಎತ್ತುತ್ತಾನೆ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಬೇಡ, ನಾನೇ ಹೂಂ ಅಂದುಬಿಡುತ್ತೇನೆ ಎಂದೂ ಒಂದು ಕ್ಷಣ ಅನ್ನಿಸಿತು.

“ಚಕ್ಕರ್ ಬಂದು ಬಿದ್ಲೇನು?” ಅಂದ ಅಪ್ಪ. “ನಾ ಮಾರಿ ನೋಡಲೇ ಇಲ್ಲ ನೋಡು. ಹುಡುಗನ್ನs ನೋಡಕೋತ ಕುಂತೆ.” ಫೋನು ಕೈ ಬದಲಾದ ಸದ್ದಾಯಿತು. ಅಪ್ಪನ ಉಸಿರು ನನ್ನ ಕಿವಿಯ ಹತ್ತಿರ ಬಂತು.

“ಇವತ್ತರs ಏನಾರ ಉಂಡೀಯೇನವಾ?”

ಇಲ್ಲ ಅಂದೆ. ಹೂಂ ಅನ್ನದೆ ಇಲ್ಲ ಅಂದೆ, ಅಪ್ಪನಿಗೆ ಮೊದಲನೆಯ ಸಲ.